ಪಟ್ಟಿಯಲ್ಲಿ ಇಲ್ಲದ್ದು

ನಮ್ಮ ರಟ್ಟಿನ ಡಬ್ಬಿಯ ಕಾರ್ಖಾನೆಗೆ ಹೊಸ ಕಂಪ್ಯೂಟರ್ ಬಂತು. ಹಳೆಯದರಲ್ಲಿದ್ದುದನ್ನು ಅದಕ್ಕೆ ಸಾಗಿಸುವ ಯಜಮಾನಿಕೆ ಮೈದುನನದು. ಅಣ್ಣ ಸತ್ತ ಮೇಲೆ ಮಹಾಶಯನಿಗೆ ತಿಳಿಯದ ವಿಷಯವೇ ಇಲ್ಲ.

"ಅತ್ತಿಗೆ, ಇದ್ರಲ್ಲಿ ಏನೇನು ಹಾಕಿದೆ ಅಂತ ಒಂದು ಪಟ್ಟಿ ತೆಗ್ದು ಕೊಡಿ ಸಾಕು. ಅದನ್ನೇ ಹೊಸದಕ್ಕೆ ಹಾಕಿಸ್ತೀನಿ."

ಹಳೆಯ ಕಂಪ್ಯೂಟರನ್ನು ನಡೆಸುತ್ತಿದ್ದ ಲಿನಕ್ಸಿಗೆ ಒಂದು ಸಾಲಿನ ಆದೇಶ ಕೊಟ್ಟರೆ, ಹೊರಗಿನಿಂದ ತಂದು ಹಾಕಿದ ಸಿದ್ಧ ಪ್ರೋಗ್ರಾಂಗಳ, ಅಂದರೆ ಪ್ಯಾಕೇಜುಗಳ ಹೆಸರೆಲ್ಲ ಸರಸರನೆ ಬಂದುಬಿಡುತ್ತವೆ. ಮುದ್ರಿಸಿ ಕೊಟ್ಟೆ. ಕೊಡುವಾಗಲೇ ಹೇಳಿದೆ.

"ನೋಡಪ್ಪ, ರಟ್ಟು ಕತ್ತರಿಸೋ ಯಂತ್ರದ ಪ್ರೋಗ್ರಾಂ ಇದ್ರಲ್ಲಿಲ್ಲ. ಅದು ಪ್ಯಾಕೇಜ್ ಅಲ್ಲ, ನಿಮ್ಮಣ್ಣ ಕೈಯಾರೆ ಬರೆದು ಒಳಗಿಟ್ಟಿದ್ದು. ಪಟ್ಟಿಗೆ ಬರಲ್ಲ. ಬೇರೆಯಾಗಿ ನಕಲು ಮಾಡ್ಕೋಬೇಕು."

"ಆಯ್ತು, ನಾಳೆ ನೀವೇ ಕೂತು ಮಾಡಿ," ಎಂದ, ಪಟ್ಟಿಯಿಂದ ತಲೆಯೆತ್ತದೆ.

ಬೆಳಗಿನ ರಟ್ಟೆಲ್ಲ ಕತ್ತರಿಸಿ ಮುಗಿದಾಗ ಆ ಪ್ರೋಗ್ರಾಂ ಪರದೆಯ ಮೇಲೆ ಒಂದು ಮಾತು ತೋರಿಸುತ್ತಿತ್ತು: 'ಬಜಾರಿ, ಮುಗೀತು. ಊಟಕ್ಕೆ ನಡಿ.' ಬಜಾರಿ ಅಂದರೆ ನಾನೇ. ಮದುವೆಯಾದ ಹೊಸದರಲ್ಲಿ ನನ್ನ ಬಾಯಿ ನೋಡಿ ಗಂಡ ಇಟ್ಟ ಹೆಸರು. ಅವರು ಹೋದ ಮೇಲೂ ದಿನಾ ಮಧ್ಯಾಹ್ನ ಹಾಗೆ ಕರೆಸಿಕೊಂಡೇ ನಾನು ಊಟಕ್ಕೆ ಏಳುತ್ತಿದ್ದೆ.

ಮರುದಿನ ಬೆಳಿಗ್ಗೆ ಪೆನ್‌ಡ್ರೈವ್ ಹಿಡಿದು ಹೋದರೆ, ಮೈದುನ ಹಿಂದಿನ ಸಂಜೆಯೇ ಹಳೆಯ ಕಂಪ್ಯೂಟರಿನ ಡಿಸ್ಕನ್ನು ಪೂರ್ತಿ ಅಳಿಸಿಹಾಕಿದ್ದ.

"ಪಟ್ಟಿಲಿದ್ದಿದ್ದೆಲ್ಲ ಬಂತಲ್ಲ ಅತ್ತಿಗೆ, ಇನ್ನೇನು ಅಂತ..."

"ನಾನು ಹೇಳಿದ್ದು ಗೋಡೆಗಾ?"

ಕತ್ತರಿಸುವ ಯಂತ್ರ ಜಪ್ಪಯ್ಯ ಅಂದರೂ ಕದಲಲಿಲ್ಲ. ಮೈದುನನ ಮುಖ ಇಂಗು ತಿಂದ ಮಂಗನ ಹಾಗಾಯಿತು. ಇನ್ನೊಂದು ಪ್ರತಿ ನನ್ನ ಹತ್ತಿರ ಇದ್ದೇ ಇರುತ್ತದೆ ಎಂದುಕೊಂಡಿದ್ದನಂತೆ. ಇರಲಿಲ್ಲ. ಇಷ್ಟು ದಿನ ಇಟ್ಟುಕೊಳ್ಳುವ ಬುದ್ಧಿ ನನಗೂ ಬರಲಿಲ್ಲ, ಸುಡುಗಾಡು.

ಮಾರನೆಯ ದಿನ ಯಂತ್ರ ಮಾರಿದ ಕಂಪನಿಯವರು ಬಂದು ತಮ್ಮದೇ ಪ್ರೋಗ್ರಾಂ ಹಾಕಿದರು. ಯಂತ್ರ ಓಡಿತು. ಮಧ್ಯಾಹ್ನದ ಹೊತ್ತಿಗೆ ರಟ್ಟು ಮುಗಿದು ಪರದೆಯ ಮೇಲೆ 'ಕಾರ್ಯ ಪೂರ್ಣಗೊಂಡಿದೆ' ಎಂದು ಬಂತು.

"ನೋಡಿದ್ರಾ ಅತ್ತಿಗೆ, ಸುಮ್ನೆ ಗಾಬರಿ ಆದ್ರಿ. ಏನೂ ಕಳಕೊಳ್ಳಲಿಲ್ಲ," ಎಂದ ಮೈದುನ.

ಕಪಾಳಕ್ಕೆ ಬಿಗಿಯಬೇಕು ಎನ್ನಿಸಿತು.

ಎಲ್ಲರೂ ಕೈ ತೊಳೆದು ಊಟಕ್ಕೆ ಹೋದರು. ನಾನು ಪರದೆಯ ಮುಂದೆ ಕೂತೇ ಇದ್ದೆ. ನನ್ನನ್ನು ಯಾರೂ ಕರೆಯಲಿಲ್ಲ.