ಹೀರೋನ ಹೆಸರು ಹೇಳದ ತಾಯಣ್ಣ

ಸಿನಿಮಾ ಪ್ರಚಾರಕ್ಕೆಂದು ಟಾಂಗಾ ಹತ್ತಿದ ಮನುಷ್ಯ ಊರೆಲ್ಲ ಸುತ್ತಿ ಬಂದರೂ ಹೀರೋನ ಹೆಸರನ್ನು ಒಂದು ಸಲವೂ ಎತ್ತುವುದಿಲ್ಲವೆಂದರೆ ನಂಬುವುದು ಕಷ್ಟ. ಆದರೆ ರಾಯಚೂರಿನ ತಾಯಣ್ಣ ಎತ್ತುತ್ತಿರಲಿಲ್ಲ. ಎರಡೂ ಬದಿಗೆ ಪೋಸ್ಟರ್ ಕಟ್ಟಿದ ಟಾಂಗಾದಲ್ಲಿ ಮುಂದೆ ಶಾಮೀದಸಾಬ ಲಗಾಮು ಹಿಡಿದು ಕೂತಿದ್ದರೆ, ಹಿಂದೆ ಮೈಕು ಹಿಡಿದ ತಾಯಣ್ಣ, ಪೋಸ್ಟರಿನ ಮೀಸೆಯ ಮುಖಕ್ಕೂ ತನಗೂ ಯಾವ ಋಣಾನುಬಂಧವೂ ಇಲ್ಲವೆಂಬಂತೆ, ಚಿತ್ರ ತೆಗೆದವನು ಯಾರು, ತೆಗೆಯುವಾಗ ಏನೇನು ಪಾಡುಪಟ್ಟ ಎಂಬುದನ್ನೇ ಸಾರುತ್ತ ಹೋಗುತ್ತಿದ್ದ. “ಹೀರೋ ಪೋಸ್ಟರ್‌ದಾಗ ಕಾಣಸ್ತಾನ. ಅವನ್ನ ನಾ ಯಾಕ ಹೇಳ್ಲಿ? ಕಾಣಲಾರದವ್ರನ್ನ ಹೇಳ್ತೀನಿ,” ಎಂಬುದು ಅವನ ವಾದ. ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ ಎಂದು ಜನ ನಗುತ್ತಿದ್ದರು, ಆದರೆ ನಿಂತು ಕೇಳುತ್ತಿದ್ದರು.

ನೀಳಕಾಯದ, ಒಣಕಲು ಮೈಯ ಮನುಷ್ಯ. ಮೈಕಿನ ಬ್ಯಾಟರಿಯನ್ನು ವರ್ಷಗಟ್ಟಲೆ ಒಂದೇ ಹೆಗಲಿಗೆ ನೇತುಹಾಕಿಕೊಂಡಿದ್ದರಿಂದ ಬಲಭುಜ ಇಳಿದು, ಬರಿಗೈಯಲ್ಲಿ ನಡೆಯುವಾಗಲೂ ಅದೃಶ್ಯವಾದ ಭಾರವೊಂದನ್ನು ಹೊತ್ತವನಂತೆ ವಾಲಿಕೊಂಡೇ ನಡೆಯುತ್ತಿದ್ದ. ರಾಯಚೂರಿನ ಬಿಸಿಲಲ್ಲೂ ಬಿಡದ ಕರಿಕೋಟು, ಯಾರೋ ವಕೀಲರು ತೊಟ್ಟು ಬಿಟ್ಟದ್ದು. ಅದರ ಜೇಬುಗಳ ತುಂಬ ಬಣ್ಣಬಣ್ಣದ ಹ್ಯಾಂಡ್‌ಬಿಲ್ಲು. ಮಾತು ಮಾತಿಗೂ “ಇದು ಖರೇ ಅದ, ಬೇಕಂದ್ರ ಯಾರನ್ನರ ಕೇಳ್ರಿ” ಎನ್ನುವ ಚಾಳಿ ಬೇರೆ. ಕೇಳುವುದಕ್ಕೆ ದೇವದುರ್ಗ, ಮಾನ್ವಿಗಳಲ್ಲಿ ಅಂಥ ಯಾರಿದ್ದರೋ ದೇವರೇ ಬಲ್ಲ. ಅವನ ವಿದ್ಯಾಪೀಠವೆಂದರೆ ರಾಯಚೂರಿನ ರೈಲು ಸ್ಟೇಷನ್ನು. ಚಿತ್ರದ ರೀಲುಗಳ ಪೆಟ್ಟಿಗೆಯ ಜೊತೆಗೆ ಹಂಚಿಕೆದಾರರ ಕಡೆಯ ಮನುಷ್ಯನೊಬ್ಬ ಬಂದಿಳಿಯುತ್ತಿದ್ದನಲ್ಲ, ಅವನಿಗೆ ಚಹಾ ಕುಡಿಸಿ, ಪೆಟ್ಟಿಗೆಗಿಂತ ಮೊದಲು ಅವನ ಬಾಯಿ ಬಿಚ್ಚಿಸುತ್ತಿದ್ದ.

ಹಾಗೆ ಕೂಡಿಸಿಟ್ಟ ಸಂಗತಿಗಳು ಒಂದೆರಡಲ್ಲ. ಈ ದೇಶದ ಮೊಟ್ಟಮೊದಲ ಕಥಾಚಿತ್ರದಲ್ಲಿ ರಾಣಿಯ ಪಾತ್ರಕ್ಕೆ ಹೆಂಗಸರೇ ಸಿಗದೆ ಖಾನಾವಳಿಯ ಅಡುಗೆಯವನೊಬ್ಬನಿಗೆ ಸೀರೆ ಉಡಿಸಿದ್ದನ್ನು ಅವನು ಹೇಳಿದರೆ ಸಂತೆಗೆ ಸಂತೆಯೇ ನಗುತ್ತಿತ್ತು. ಅದೇ ಚಿತ್ರ ತೆಗೆದಾತನ ಹೆಂಡತಿ ಇಡೀ ತಂಡಕ್ಕೆ ಬೇಯಿಸಿ ಹಾಕಿ, ಮತ್ತೆ ನಟರ ಮುಖಕ್ಕೆ ಬೆಳಕು ಬೀಳಲೆಂದು ಬಿಸಿಲಿಗೆ ಬಿಳಿ ಬಟ್ಟೆ ಹಿಡಿದು ನಿಲ್ಲುತ್ತಿದ್ದಳೆಂದಾಗ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು. ಮೊದಲ ಮಾತಿನ ಚಿತ್ರ ತೆಗೆಯುವಾಗ ಪಕ್ಕದಲ್ಲೇ ರೈಲು ಹಳಿ ಇದ್ದುದರಿಂದ, ಗಾಡಿಗಳು ನಿಂತ ಅಪರಾತ್ರಿಯಲ್ಲೇ ಎಲ್ಲರೂ ಮಾತಾಡಬೇಕಾಯಿತಂತೆ.

ಒಮ್ಮೆ ಮಟಮಾರಿಯಲ್ಲಿ ಬಂಗಾಲದ ನಿರ್ದೇಶಕನೊಬ್ಬನ ಕತೆ ಹೇಳುತ್ತಿದ್ದ. ಬಿಳಿಹೂವಿನ ಹುಲ್ಲುಗಾವಲಲ್ಲಿ ಅರ್ಧ ದೃಶ್ಯ ತೆಗೆದು ಹೋಗಿದ್ದಾನೆ. ಮರಳಿ ಬರುವಷ್ಟರಲ್ಲಿ ದನಗಳು ಅಷ್ಟೂ ಹೂವನ್ನು ಮೇಯ್ದುಬಿಟ್ಟಿವೆ. ಪುಣ್ಯಾತ್ಮ ಮುಂದಿನ ವರ್ಷ ಹೂವು ಬಿಡುವ ತನಕ ಕಾದಿದ್ದಾನೆ. ಕಟ್ಟೆಯ ಮೇಲಿದ್ದ ಮುದುಕನೊಬ್ಬ ಬೀಡಿ ಕೆಳಗಿಟ್ಟು ಕೇಳಿದ: “ದನ ಯಾರವು? ದಂಡ ಹಾಕಿದ್ರೋ ಇಲ್ಲೋ?” ತಾಯಣ್ಣನಿಗೆ ಗೊತ್ತಿರಲಿಲ್ಲ. ಏನಾದರೊಂದು ಕಟ್ಟಿ ಹೇಳಿದ್ದರೆ ಯಾರು ಕೇಳುತ್ತಿದ್ದರು? ಆದರೆ ಮೈಕಿನಲ್ಲೇ “ಅದು ನನಗ ಗೊತ್ತಿಲ್ರೀ ಯಪ್ಪಾ, ಕೇಳ್ಕೊಂಡು ಬರ್ತೀನಿ” ಎಂದ. ಆಮೇಲೆ ಬಹಳ ಕಾಲ, ಪೆಟ್ಟಿಗೆ ತಂದವರನ್ನೆಲ್ಲ ಆ ದನಗಳು ಯಾರವೆಂದು ವಿಚಾರಿಸಿ ಹುಚ್ಚನೆನಿಸಿಕೊಂಡ.

ಅವನ ಈ ಗುಣದಿಂದ ಹೆಚ್ಚು ಬೇಸತ್ತವನು ಮಾನ್ವಿಯ ಗಡಿಗೆಪ್ಪ ಸಾವ್ಕಾರ. ರೈಸ್‌ಮಿಲ್ಲಿನ ಜೊತೆಗೆ, ತಾಯಣ್ಣ ಕೂಗುತ್ತಿದ್ದ ಟೂರಿಂಗ್ ಟಾಕೀಸಿನ ಟೆಂಟನ್ನೂ ನಡೆಸುತ್ತಿದ್ದ ಈತ ಕೆಟ್ಟವನೇನಲ್ಲ. ತುಂಬದ ಟೆಂಟನ್ನು ಅವನಿಂದ ನೋಡಲಾಗುತ್ತಿರಲಿಲ್ಲ, ಅಷ್ಟೆ. ಎಪ್ಪತ್ತೊಂಬತ್ತರ ಬೇಸಿಗೆಯಲ್ಲಿ ಟೆಂಟು ದೇವದುರ್ಗದಲ್ಲಿತ್ತು. ಬರಬೇಕಿದ್ದ ಹೊಡೆದಾಟದ ಚಿತ್ರ ತಪ್ಪಿ, ಬದಲಿಗೆ ಕಲ್ಲುಗಣಿಯ ಕೂಲಿಯವರ ಮೇಲೆ ತೆಗೆದ ಹಿಂದಿ ಚಿತ್ರವೊಂದು ಬಂತು. ತಾಯಣ್ಣ ಊರಲ್ಲೆಲ್ಲ “ಇದ್ರಾಗ ಹಾಡಿಲ್ಲ, ಬಡಿದಾಟ ಇಲ್ಲ, ಮೊದಲೇ ಹೇಳಾಕತ್ತೀನಿ” ಎಂದು ಸಾರಿ ಬಂದ. ಮೊದಲ ದಿನ ಟೆಂಟಿನಲ್ಲಿ ಬೆರಳೆಣಿಕೆಯ ಜನ. ಅವರಲ್ಲೂ ಕೆಲವರು ನಿದ್ದೆಗೆಂದು ಬಂದವರು.

“ಇದ್ದದ್ದು ಇದ್ದಾಂಗ ಹೇಳಿದ್ರ ಎದ್ದು ಬಂದು ಎದಿಗೆ ಒದ್ರಂತ, ಆದ್ರ ನೀ ಒದಸಾಕತ್ತಿದ್ದು ನನ್ನ ಎದಿಗೆ!” ಎಂದು ಸಾವ್ಕಾರ ಸಿಟ್ಟಿಗೆದ್ದ. “ನಾಳಿ ಒಂದಿನ ನೋಡ್ತೀನಿ. ಟೆಂಟ್ ತುಂಬ್ಲಿಲ್ಲಂದ್ರ ಪೆಟಿಗಿ ವಾಪಸ್. ಮತ್ತ ಇನ್ಮ್ಯಾಲೆ ನಾ ಹೇಳಿಕೊಟ್ಟದ್ದಷ್ಟೇ ಒದರಬೇಕು. ಒಲ್ಲೆಂದ್ರ ಮೈಕ್ ಇಳಿಸಿ ಹೋಗು.” ತಾಯಣ್ಣನಿಗೆ ಹೊಲವಿರಲಿಲ್ಲ, ಮನೆಯಿರಲಿಲ್ಲ. ಇದ್ದ ಒಂದೇ ಆಸ್ತಿಯೆಂದರೆ ತನ್ನ ಮಾತು. ಅದೂ ಹೋಗುವ ಹೊತ್ತು ಬಂದಿತ್ತು.

ಮರುದಿನ ಬೆಳಗಾಗುತ್ತಲೇ ಟಾಂಗಾ ಹತ್ತಿರದ ಹಳ್ಳಿ ಅರಕೇರಾದ ಹಾದಿ ಹಿಡಿಯಿತು. “ಕೇಳ್ರೀ! ಈ ಪಿಚ್ಚರ್‌ದಾಗ ಕಲ್ಲು ಹೊತ್ತವ್ರು ಬಣ್ಣ ಹಚ್ಚಿಕೊಂಡವ್ರಲ್ಲ. ಗಣಿಗೆ ದುಡಿಯಾಕ ಬಂದ ಖರೇ ಮಂದಿ. ತೆಗೆದಾಂವ ಅವ್ರನ್ನೇ ಕ್ಯಾಮೆರಾದ ಮುಂದ ನಿಂದ್ರಿಸ್ಯಾನ!” ಎಂದು ತಾಯಣ್ಣ ಸಾರಿದ. ಯಾವಾಗಲೂ ನಗುತ್ತ ಕೇಳುವ ಊರು ಅಂದು ನಗಲಿಲ್ಲ. ಬೀಸುತ್ತಿದ್ದವರು, ಕಸ ಹೊಡೆಯುತ್ತಿದ್ದವರು ಕೈ ಬಿಟ್ಟು ಹೊಸ್ತಿಲಿಗೆ ಬಂದು ನಿಂತರು. “ಇವತ್ತು ಏನೋ ಬೇರೆ ಅದ,” ಎಂದ ಶಾಮೀದಸಾಬ. ಏನೆಂದು ತಾಯಣ್ಣನಿಗೆ ತಿಳಿಯಲಿಲ್ಲ.

ಸಂಜೆ ಅರಕೇರಾದ ಕಡೆಯಿಂದ ಬಂಡಿಗಳು ಬಂದವು. ಹೆಂಗಸರು ಬುತ್ತಿ ಕಟ್ಟಿಕೊಂಡು, ಮುದುಕಿಯರನ್ನೂ ಕರೆದುಕೊಂಡು ಇಳಿದರು. ಟೆಂಟು ತುಂಬಿತು; ಸಾವ್ಕಾರನ ಮುಖವೂ ಅರಳಿತು. ತಾಯಣ್ಣ ಗೇಟಿನಲ್ಲಿ ಬೀಗುತ್ತ ನಿಂತಿದ್ದಾಗ, ಅರಕೇರಾದ ಮಾನಮ್ಮನೆಂಬ ನಡುವಯಸ್ಸಿನ ಹೆಂಗಸು ಹತ್ತಿರ ಬಂದಳು.

“ಯಣ್ಣಾ, ನನ್ನ ತಮ್ಮ ಗದ್ದೆಪ್ಪ ಪುಣೆ ಕಡಿಗೆ ಕಲ್ಲು ಒಡಿಯಾಕ ಹೋಗ್ಯಾನ. ಎಡಗಾಲು ಎಳ್ಕೊಂಡು ನಡೀತಾನ. ಆಂವ ಎಷ್ಟೊತ್ತಿಗೆ ಬರ್ತಾನ, ಮೊದಲೋ ಕಡೀಕೋ?”

ಬೆಳಗ್ಗೆ ತಿಳಿಯದ್ದು ತಾಯಣ್ಣನಿಗೆ ಈಗ ತಿಳಿಯಿತು. ಅರಕೇರಾದಲ್ಲಿ ಪರವೂರಿನ ಗಣಿಗೆ, ಕಟ್ಟಡಕ್ಕೆ ಜನ ಹೋಗದ ಮನೆಯೇ ಇರಲಿಲ್ಲ. ಗಣಿಯ ಖರೇ ಮಂದಿ ಎಂದು ಇವನು ಸಾರಿದ್ದನ್ನು ಊರು ತನ್ನವರೇ ಎಂದು ತಿಳಿದಿತ್ತು. ಸುದ್ದಿಯಿಲ್ಲದೆ ಹೋದವರ ಮುಖ ನೋಡಲು ಬಂಡಿ ಕಟ್ಟಿಕೊಂಡು ಬಂದಿತ್ತು. ಅವನು ಓಡಿಹೋಗಿ ಪೆಟ್ಟಿಗೆ ತಂದ ಮನುಷ್ಯನನ್ನು ಹಿಡಿದ. ಚಿತ್ರ ತೆಗೆದದ್ದು ಎಲ್ಲೆಂದು ಅಲ್ಲಿಯ ತನಕ ಕೇಳಿಯೇ ಇರಲಿಲ್ಲ. ಪುಣೆಯ ಹತ್ತಿರ ಅಲ್ಲವೇ ಅಲ್ಲ, ದೂರದ ಬಿಹಾರದಲ್ಲಿ ಎಂದು ಉತ್ತರ ಬಂತು.

“ನಾವೇನು ಸುಳ್ಳು ಹೇಳೀವೇನು? ತಾವೇ ತಿಳ್ಕೊಂಡು ಬಂದಾರ. ಬಾಯಿ ಮುಚ್ಚಿಕೊಂಡು ನಿಂದ್ರು,” ಎಂದ, ಉತ್ತರ ಕೇಳಿಸಿಕೊಂಡ ಸಾವ್ಕಾರ. ಅವನ ಮಾತೂ ಸುಳ್ಳಲ್ಲ. ಅತ್ತ ದರಿ, ಇತ್ತ ಪುಲಿ: ಹೇಳಿದರೆ ಟೆಂಟು ಬರಿದಾಗಿ ಮೈಕು ಕೈಬಿಡುತ್ತದೆ, ಹೇಳದಿದ್ದರೆ ಈ ಹೆಂಗಸರು ಚಿತ್ರ ಮುಗಿಯುವ ತನಕ ಇಲ್ಲದ ಮುಖಗಳನ್ನು ಹುಡುಕುತ್ತ ಕೂತಿರುತ್ತಾರೆ. ತಾಯಣ್ಣ ಪರದೆಯ ಮುಂದೆ ಹೋಗಿ ನಿಂತ.

“ತಾಯಂದಿರಾ, ತಪ್ಪು ತಿಳೀಬ್ಯಾಡ್ರಿ. ಇದು ದೂರದ ಬಿಹಾರದಾಗ ತೆಗೆದದ್ದು. ಇದ್ರಾಗ ಅಲ್ಲಿ ಮಂದಿನೇ ಅದಾರ. ನಿಮ್ಮೋರು ಇರಲಿಕ್ಕಿಲ್ಲ. ಹೊಳ್ಳಿ ಹೋಗ್ತೀವಿ ಅನ್ನೋರು ಹೋಗ್ರಿ, ಟಿಕೀಟಿನ ರೊಕ್ಕ ನಾ ಕೊಡ್ತೀನಿ.”

ಯಾರೋ ಮುದುಕಿ ಬಿಕ್ಕಿದ್ದು ಎಲ್ಲರಿಗೂ ಕೇಳಿತು. ಕೆಲವರು ಏಳತೊಡಗಿದರು. ಮಾನಮ್ಮನೂ ಎದ್ದಳು, ಆದರೆ ಬಾಗಿಲ ಕಡೆ ತಿರುಗಲಿಲ್ಲ.

“ಬಿಹಾರದಾಂವಗ ಅಕ್ಕ ಇರೂದಿಲ್ಲೇನು?” ಎಂದಳು. “ನಮ್ಮೋರಲ್ಲಂದ್ರ ಯಾರ್ದೋ ಮನಿಯೋರು. ಹಚ್ಚು, ನೋಡೇ ಹೋಗ್ತೀವಿ.”

ಎದ್ದವರು ಕೂತರು. ಅಂಥ ಆಟವನ್ನು ದೇವದುರ್ಗ ಮೊದಲೆಂದೂ ಕಂಡಿರಲಿಲ್ಲ. ಭಾಷೆ ತಿಳಿಯದ ಕಡೆ ಶಾಮೀದಸಾಬ ಹೇಳಿಕೊಟ್ಟ; ಕಲ್ಲಿನ ಕೆಲಸ ತಿಳಿಯದವರಿಗೆ ಹೆಂಗಸರು ಹೇಳಿಕೊಟ್ಟರು. “ತಲಿಗೆ ಅರಿವಿ ಸಿಂಬಿ ಇಲ್ಲದ ಬುಟ್ಟಿ ಹೊತ್ತಾಳಲ್ಲೇ ಯವ್ವಾ, ನೆತ್ತಿ ಏನಾಗಬೇಕು!” ಎಂದು ಒಬ್ಬಳು ಪರದೆಯ ಹೆಂಗಸಿಗಾಗಿ ಮರುಗಿದಳು. ಆಟ ಮುಗಿದಾಗ ಕಣ್ಣೊರೆಸಿಕೊಳ್ಳದವರು ಕಡಿಮೆ, ಒರೆಸಿಕೊಂಡವರಲ್ಲಿ ಸಾವ್ಕಾರನೂ ಇದ್ದನೆಂದು ಶಾಮೀದಸಾಬ ಆಣೆ ಹಾಕುತ್ತಿದ್ದ.

ಬಂಡಿ ಹತ್ತುವ ಮೊದಲು ಮಾನಮ್ಮ ಸಾವ್ಕಾರನ ಮುಂದೆ ನಿಂತಳು. “ಪೆಟಿಗಿ ಕಳಿಸಬ್ಯಾಡ್ರಿ. ಜಾಲಹಳ್ಳಿ ಮಂದಿಗೂ ಹೇಳಿ ಕಳಿಸ್ತೀನಿ.” ಆಮೇಲೆ ತಾಯಣ್ಣನ ಕಡೆ ತಿರುಗಿದಳು. “ಯಣ್ಣಾ, ನಾ ಇವತ್ತು ಯಾರ್ದೋ ತಮ್ಮನ್ನ ಕಣ್ತುಂಬ ನೋಡಿದೆ. ನನ್ನ ತಮ್ಮನ್ನೂ ಎಲ್ಲರ ಯಾರರ ಹಿಂಗ ನೋಡಿರ್ತಾರ, ಅಲ್ಲೇನು?”

“ನೋಡಿರ್ತಾರ ಯವ್ವಾ,” ಎಂದ ತಾಯಣ್ಣ. ಗೊತ್ತಿಲ್ಲದ್ದನ್ನು ಖರೇ ಎಂದು ಅವನು ಹೇಳಿದ್ದು ಅದೊಂದೇ ಸಲ.

ಚಿತ್ರ ಮುಂದಿನ ಸಂತೆಯ ತನಕ ಓಡಿತು, ಮತ್ತು ಮೈಕಿಗೆ ಮಾತು ಹೇಳಿಕೊಡುವ ವಿಚಾರವನ್ನು ಗಡಿಗೆಪ್ಪ ಸಾವ್ಕಾರ ಆಮೇಲೆ ಎತ್ತಲಿಲ್ಲ. ಎಂಬತ್ತರ ದಶಕದಲ್ಲಿ ಟೆಂಟುಗಳು ಒಂದೊಂದಾಗಿ ಇಳಿದವು, ತಾಯಣ್ಣ ರಾಯಚೂರಿನ ಟಾಕೀಸುಗಳಿಗೆ ಕೂಗುತ್ತ, ಪೆಟ್ಟಿಗೆ ತಂದವರನ್ನು “ಎಲ್ಲಿ ತೆಗೆದದ್ದು?” ಎಂದು ಮೊದಲು ಕೇಳುತ್ತ ಉಳಿದ. ಇಂಥವರ ಹೆಸರು ಯಾವ ಪರದೆಯ ಮೇಲೂ ಮೂಡುವುದಿಲ್ಲ. ಒಂದೂರಿನ ಬೆವರನ್ನು ಇನ್ನೊಂದೂರಿನ ಕಣ್ಣಿಗೆ ಮುಟ್ಟಿಸಿ ಅವರು ಮುಂದಿನ ಓಣಿಗೆ ನಡೆದುಬಿಡುತ್ತಾರೆ. ಇದ್ದದ್ದನ್ನು ಹೇಳಿದರೆ ಜನ ಎದ್ದು ಹೋಗುತ್ತಾರೆಂಬ ಅಂಜಿಕೆ ಅವರಿಗೂ ಇರುತ್ತದೆ, ಅಂಜುತ್ತಲೇ ಹೇಳುತ್ತಾರೆ. ಎದ್ದ ಜನ ಮತ್ತೆ ಕೂರುವುದನ್ನು ಕಣ್ಣಾರೆ ಕಾಣುವ ಭಾಗ್ಯ ಇರುವುದೂ ಅವರಿಗೇ.