ಬ್ರೇಕಿಲ್ಲದ ಮನೆ

ಮಾರ್ಚ್ ತಿಂಗಳ ಆ ದೊಡ್ಡ ಕಂಪನದ ನಂತರ ನುನ್ಸಿಯಾತಾ ಮನೆಯೊಳಗೆ ಮಲಗುವುದನ್ನೇ ಬಿಟ್ಟಳು. ಇಟಲಿಯ ಕಡಲಂಚಿನ ನಮ್ಮ ಪೊಝುವೊಲಿಯಲ್ಲಿ ನೆಲ ನಡುಗುವುದು ಹೊಸದೇನಲ್ಲ. ಊರಿನಡಿಯ ಜ್ವಾಲಾಮುಖಿಯಿಂದ ನೆಲ ಉಬ್ಬುತ್ತಲೇ ಇದೆ, ಬಂದರಿನ ನೀರು ಹಿಂದೆ ಸರಿದು ದೋಣಿಗಳು ಕೆಸರಿನಲ್ಲಿ ಕೂತಿವೆ. ಆದರೆ ಆ ಸಲ ಅವಳ ಅಡುಗೆಮನೆಯ ಗೋಡೆ ಮೂಲೆಯಿಂದ ಮೂಲೆಗೆ ಸೀಳಿತು. ಒಬ್ಬ ಎಂಜಿನಿಯರು ಬಂದು, ಬಿರುಕಿಗೆ ಬೆರಳಿಟ್ಟು ನೋಡಿ, ಮೇಲಿನ ಗಾರೆ ಮಾತ್ರ ಬಿಟ್ಟಿದೆ, ವಾಸಕ್ಕೆ ಅಡ್ಡಿಯಿಲ್ಲ ಎಂದು ಬರೆದುಕೊಟ್ಟ. ಅವಳು ಆ ಕಾಗದವನ್ನು ನಂಬಲಿಲ್ಲ.

ಅವರದು ನಾಲ್ಕನೆಯ ಮಹಡಿ, ನನ್ನದು ಮೂರನೆಯದು. ನುನ್ಸಿಯಾತಾ ಶಿಶುವಿಹಾರವೊಂದರಲ್ಲಿ ಅಡುಗೆ ಮಾಡುತ್ತಾಳೆ. ಗಂಡ ಪ್ರೊಕೊಲೊ ದೋಣಿಗಳ ಎಂಜಿನ್ ರಿಪೇರಿ ಮಾಡುವವನು. ಮಗಳು ಮರಿಕಾಳಿಗೆ ಎಂಟು ವರ್ಷ. ತಾಯಿ ಮಗಳಿಬ್ಬರೂ ಬಂದರಿನ ಹತ್ತಿರದ ಬಯಲಿನಲ್ಲಿ ತಮ್ಮ ಪುಟ್ಟ ಕಾರಿನೊಳಗೆ ಮಂಡಿ ಮಡಚಿಕೊಂಡು ಮಲಗುತ್ತಿದ್ದರು. ಪ್ರೊಕೊಲೊ ಮಾತ್ರ ಮೇಲೆಯೇ ಇರುತ್ತಿದ್ದ. “ನಮ್ಮಜ್ಜನ ಕಾಲದಿಂದ ಈ ನೆಲ ಕುಣೀತಾನೇ ಇದೆ. ಅದು ಕುಣಿದಾಗಲೆಲ್ಲ ಓಡ್ತಾ ಇದ್ರೆ ಕಾಲು ಸವೆಯುತ್ತೆ, ಅಷ್ಟೇ” ಎಂದು ನಗುತ್ತಿದ್ದ.

ಬ್ರೆಡ್ ಅಂಗಡಿಯ ಬಾಗಿಲಿಗೆ ಅಂಟಿಸಿದ್ದ ಚೀಟಿ ನುನ್ಸಿಯಾತಾಳ ಕಣ್ಣಿಗೆ ಬಿದ್ದದ್ದು ಏಪ್ರಿಲ್‌ನಲ್ಲಿ. ಹಳೆಯ ಕ್ಯಾಂಪರ್ ವ್ಯಾನ್ ಮಾರಾಟಕ್ಕಿದೆ, ನಾಲ್ಕು ಜನ ಮಲಗಬಹುದು, ಸ್ವಲ್ಪ ರಿಪೇರಿ ಇದೆ. ಒಂದು ವಾರ ಕಾಡಿಸಿ, ಮಂಗಳವಾರ ಬೆಳಿಗ್ಗೆ ಮಗಳನ್ನು ಶಾಲೆಗೆ ಬಿಟ್ಟ ಮೇಲೆ ಗಂಡನನ್ನು ಗುಡ್ಡದಾಚೆಯ ಕ್ವಾರ್ತೊ ಊರಿಗೆ ಎಳೆದುಕೊಂಡು ಹೋದಳು.

ಗಾಡಿ ಮಾರುವವನ ಹೆಸರು ಜಿಲ್ದೋ. ಮೀನಿನ ವ್ಯಾಪಾರ ಬಿಟ್ಟು ಹಾಯಾಗಿದ್ದ ಮುದುಕ. ಅಂಜೂರದ ಮರದ ಕೆಳಗೆ ಮೂವತ್ತೈದು ವರ್ಷದ ಆ ಗಾಡಿ ಎಲೆ ಹೊದ್ದು ನಿಂತಿತ್ತು.

“ನೋಡಮ್ಮ, ಕಲಾಬ್ರಿಯಾ ಸೀಮೆ ಪೂರ್ತಿ ಸುತ್ತಿಸಿದೆ ನನ್ನನ್ನ. ನನ್ನ ಹೆಂಡ್ತಿಗಿಂತ ಹೇಳಿದ ಮಾತು ಕೇಳುತ್ತೆ.”

“ಯಾವತ್ತು ಕೊನೇ ಸಲ ಕೇಳಿದ್ದು, ದೊನ್ ಜಿಲ್ದೋ?” ಎಂದ ಪ್ರೊಕೊಲೊ.

ನುನ್ಸಿಯಾತಾ ಒಳಗೆ ಹತ್ತಿ ಹಾಸಿಗೆಯ ಅಂಚಿನಲ್ಲಿ ಕೂತಳು. ಬೂಸಲು ವಾಸನೆ. ಆದರೂ ತಲೆಯ ಮೇಲೆ ಕಾಂಕ್ರೀಟ್ ಇಲ್ಲ, ಪಕ್ಕದಲ್ಲಿ ಇಟ್ಟಿಗೆಯಿಲ್ಲ. ಆರು ವಾರಗಳಲ್ಲಿ ಮೊದಲ ಸಲ ಅವಳ ಹೆಗಲು ಸಡಿಲವಾಯಿತಂತೆ. ಅಷ್ಟರಲ್ಲಿ ಪ್ರೊಕೊಲೊ ಛಾವಣಿಯ ಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿದ. ಬೆರಳು ನೆನೆದ ಬ್ರೆಡ್ಡಿಗೆ ಇಳಿದಂತೆ ಒಳಗೆ ಇಳಿಯಿತು.

“ನೀರು ಕುಡಿದು ಕೊಳೆತಿದೆ. ಗ್ಯಾಸ್ ಪೈಪ್ ನೋಡು, ಬಿರುಕು ಬಿಟ್ಟಿದೆ. ಮಲಗಿದಲ್ಲೇ ಎದ್ದೇಳದ ಹಾಗೆ ಮಾಡುತ್ತೆ ಇದು. ಗೋಡೆಯಾದ್ರೂ ಬೀಳುವಾಗ ಸದ್ದು ಮಾಡುತ್ತೆ ಕಣೇ.”

“ಪೈಪ್ ಬದಲಾಯಿಸ್ಬಹುದಲ್ಲ? ಊರವರ ಹಡಗನ್ನೆಲ್ಲ ಸರಿ ಮಾಡ್ತೀಯ.”

“ಒಂದು ಸುತ್ತು ಓಡಿಸಿ ನೋಡಿ, ಆಮೇಲೆ ಜಗಳ ಆಡಿ” ಎಂದು ಜಿಲ್ದೋ ಕೀಲಿ ಕೊಟ್ಟು ತಾನೂ ಹಿಂದೆ ಹತ್ತಿ ಕೂತ.

ಗಾಡಿ ಕೆಮ್ಮುತ್ತ ಗುಡ್ಡ ಹತ್ತಿತು. ನೆತ್ತಿಯ ಬಳಿ ಪ್ರೊಕೊಲೊ ಪಕ್ಕಕ್ಕೆ ನಿಲ್ಲಿಸಿದ. “ಬ್ರೇಕ್ ಮೆತ್ತಗಿದೆ. ಎರಡೆರಡು ಸಲ ತುಳಿಯಬೇಕು. ಬೇಡ, ನುನ್ಸಿಯಾ. ವಾಪಸ್ ಹೋಗೋಣ.” ಅವಳು ಉತ್ತರಿಸಲು ಬಾಯಿ ತೆರೆದಳು.

ಆಗ ಆ ಸದ್ದು ಬಂತು. ಸದ್ದು ಬಂದದ್ದು ಕಿವಿಗಲ್ಲ, ಅಂಗಾಲಿಗೆ. ಮರುಕ್ಷಣ ಗಾಡಿ ಸ್ಪ್ರಿಂಗುಗಳ ಮೇಲೆ ತೊಟ್ಟಿಲಿನಂತೆ ಹೊಯ್ದಾಡಿತು. ಕಪಾಟಿನ ಬಾಗಿಲುಗಳು ತೆರೆದುಕೊಂಡು ತಟ್ಟೆಗಳು ಜಿಲ್ದೋನ ಮೇಲೆ ಸುರಿದವು. ಕಿಟಕಿಯಾಚೆ ಕೆಳಗಿನ ಮನೆಗಳಿಂದ ಧೂಳೆದ್ದಿತು.

“ಮರಿಕಾ!” ಎಂದಳು ನುನ್ಸಿಯಾತಾ.

ಶಾಲೆಗೆ ಫೋನ್ ಹಚ್ಚಿದಳು, ಸಿಗಲಿಲ್ಲ. ಮತ್ತೆ ಒತ್ತಿದಳು, ಸಿಗಲಿಲ್ಲ. ಅವರ ಕಾರು ಹಿಂದೆ ಕ್ವಾರ್ತೊದಲ್ಲಿತ್ತು. ಶಾಲೆಯೋ, ಎದುರಿನ ಇಳಿಜಾರಿನ ತಳದಲ್ಲಿ.

“ನಡಿ, ಕೆಳಗೆ ನಡಿ!”

“ಬ್ರೇಕ್ ಹಿಡಿಯಲ್ಲ ಅಂದ್ನಲ್ಲ!”

“ನಡೀ ಅಂದೆ!”

ಪ್ರೊಕೊಲೊ ಎರಡನೆಯ ಗೇರಿನಲ್ಲಿಯೇ ಇಳಿಸಿದ. ಎಂಜಿನ್ ಅರಚುತ್ತಿತ್ತು. ಮೊದಲ ತಿರುವಿನಲ್ಲಿ ಪೆಡಲ್ ಅರ್ಧಕ್ಕೆ ಹೋಯಿತು, ಎರಡನೆಯದರಲ್ಲಿ ನೆಲ ಮುಟ್ಟಿತು. “ಹ್ಯಾಂಡ್‌ಬ್ರೇಕ್ ಎಳಿ, ಮೆಲ್ಲಗೆ, ಪೂರ್ತಿ ಎಳೀಬೇಡ!” ಅವಳು ಎರಡೂ ಕೈಯಲ್ಲಿ ಹಿಡಿದು ಎಳೆದಳು. ಸುಟ್ಟ ವಾಸನೆ ತುಂಬಿತು. ಹಿಂದೆ ಜಿಲ್ದೋ ಊರಿನ ಸಂತರನ್ನೆಲ್ಲ ಒಬ್ಬೊಬ್ಬರಾಗಿ ಕೂಗುತ್ತಿದ್ದ. ಮೂರನೆಯ ತಿರುವಿನಲ್ಲಿ ಮನೆಗಳಿಂದ ಓಡಿಬಂದ ಜನ ರಸ್ತೆಯ ತುಂಬ ನಿಂತಿದ್ದರು. ರಾತ್ರಿಯಂಗಿಯ ಒಬ್ಬ ಹೆಂಗಸು ಬೆಕ್ಕನ್ನು ಅವುಚಿಕೊಂಡು ಗಾಡಿಯನ್ನೇ ನೋಡುತ್ತ ನಿಂತುಬಿಟ್ಟಳು. ಹಾರ್ನ್ ಕೂಡ ಕೂಗಲಿಲ್ಲ.

ಪ್ರೊಕೊಲೊ ಸ್ಟಿಯರಿಂಗನ್ನು ಬಲಕ್ಕೆ ತಿರುಗಿಸಿ ಗಾಡಿಯನ್ನು ಕಲ್ಲುಗೋಡೆಗೆ ಒರಗಿಸಿಬಿಟ್ಟ. ಇಡೀ ಒಂದು ಪಕ್ಕ ಗೋಡೆಗೆ ಉಜ್ಜುತ್ತ, ಕಿಡಿ ಕಾರುತ್ತ ಹೋಗಿ, ಆ ಹೆಂಗಸಿನಿಂದ ನಾಲ್ಕು ಹೆಜ್ಜೆ ದೂರದಲ್ಲಿ ನಿಂತಿತು. ಯಾರಿಗೂ ಪೆಟ್ಟಾಗಲಿಲ್ಲ.

ಗಂಡ ಹೆಂಡತಿ ಉಳಿದ ದಾರಿಯನ್ನು ಓಡಿದರು. ಮಕ್ಕಳೆಲ್ಲ ಶಾಲೆಯ ಅಂಗಳದಲ್ಲಿ ಸಾಲಾಗಿ ಕೂತಿದ್ದರು. ಮರಿಕಾ, ಟೀಚರ್ ಕಲಿಸಿದ್ದ ಹಾಗೆ, ಎರಡೂ ಕೈಗಳನ್ನು ತಲೆಯ ಮೇಲಿಟ್ಟುಕೊಂಡಿದ್ದಳು. ಅಮ್ಮ ಅಪ್ಪಿಕೊಂಡರೂ ಕೈ ತೆಗೆಯಲಿಲ್ಲ.

“ತೆಗಿ ಮಗಳೇ, ನಿಂತೋಯ್ತು.”

“ಮತ್ತೆ ಬರುತ್ತೆ, ಅಮ್ಮ.”

ನುನ್ಸಿಯಾತಾ ಮಗಳನ್ನು ಇನ್ನಷ್ಟು ಬಿಗಿಯಾಗಿ ಅವುಚಿಕೊಂಡಳು. ಗಂಡನ ಕಡೆ ತಿರುಗಿ, “ನೀನು ಹೇಳಿದ್ದೇ ಸರಿ. ಆ ಗಾಡಿ ಬೇಡ. ನನ್ನ ಮಗೂನ ಅದ್ರಲ್ಲಿ ಕೂರಿಸಲ್ಲ” ಎಂದಳು.

ಪ್ರೊಕೊಲೊ ಗೇಟಿನ ಕಂಬಿ ಹಿಡಿದು ನಿಂತಿದ್ದ.

“ತಗೊಳ್ಳೋಣ” ಎಂದ.

“ಹುಚ್ಚು ಹಿಡೀತಾ? ಈಗ ತಾನೇ ಸಾಯ್ತಿದ್ವಿ!”

“ಗೋಡೆ ವಿಷಯ ನಂಗೇನೂ ಗೊತ್ತಿಲ್ಲ, ನುನ್ಸಿಯಾ. ಅದು ನಿಲ್ಲುತ್ತಾ ಬೀಳುತ್ತಾ ಅಂತ ಯಾರೋ ಹೇಳ್ಬೇಕು, ನಾನು ನಂಬಬೇಕು. ಬ್ರೇಕ್ ಗೊತ್ತು. ಬ್ರೇಕ್ ನಾನೇ ಬಿಚ್ಚಿ, ನಾನೇ ಕೂರಿಸ್ಬಹುದು.” ಆಮೇಲೆ ದನಿ ತಗ್ಗಿಸಿ, ಮಗಳಿಗೆ ಕೇಳಿಸದಂತೆ ಹೇಳಿದ, “ಮೇಲೆ ಒಬ್ಬನೇ ಮಲಗಿ ನಂಗೂ ನಿದ್ದೆ ಬಂದಿಲ್ಲ. ಫ್ಯಾನ್ ಅಲ್ಲಾಡಿದ್ರೂ ಎದ್ದು ಕೂರ್ತೀನಿ. ಹೇಳೋಕೆ ನಾಚಿಕೆಯಾಗ್ತಿತ್ತು.”

ಬ್ರೇಕಿನ ಸಂಗತಿ ಮುಚ್ಚಿಟ್ಟದ್ದಕ್ಕೆ ಜಿಲ್ದೋ ತಲೆ ತಗ್ಗಿಸಿಕೊಂಡು ಅರ್ಧ ಬೆಲೆಗೆ ಕೊಟ್ಟ. ಪ್ರೊಕೊಲೊ ಮೂರು ವಾರ ಸಂಜೆಯೆಲ್ಲ ದುಡಿದ. ಬ್ರೇಕಿನ ಕೊಳವೆಗಳೆಲ್ಲ ಹೊಸವು. ಕೊಳೆತ ಛಾವಣಿಗೆ ದೋಣಿಯ ಹಲಗೆ. ಗ್ಯಾಸ್ ಸಿಲಿಂಡರನ್ನು ಕಿತ್ತು ಹೊರಗಿಟ್ಟ, ಒಳಗೆ ಒಲೆ ಹಚ್ಚುವುದೇ ಬೇಡವೆಂದು. ಆದರೂ ನುನ್ಸಿಯಾತಾ ಒಪ್ಪಲಿಲ್ಲ. ಅದೇ ಇಳಿಜಾರಿನ ಪಕ್ಕದಲ್ಲಿ ಕೈಕಟ್ಟಿ ನಿಂತು, ಗಂಡನಿಂದ ಹನ್ನೊಂದು ಸಲ ಗಾಡಿ ಇಳಿಸಿ ನಿಲ್ಲಿಸಿ ತೋರಿಸಿಕೊಂಡಳು. ಹನ್ನೆರಡನೆಯ ಸಲ ತಾನು ಹತ್ತಿದಳು. ಮಗಳನ್ನು ಹತ್ತಿಸಿದ್ದು ಮಾರನೆಯ ದಿನ.

ಈಗ ಮೂವರೂ ಬಯಲಿನಲ್ಲಿ ಅದರೊಳಗೇ ಮಲಗುತ್ತಾರೆ. ಹೆದರಿಕೆ ಹೋಗಿದೆ ಎಂದು ಅವಳು ಹೇಳುವುದಿಲ್ಲ. ದೊಡ್ಡ ಲಾರಿ ಹಾದರೆ ಮೂವರೂ ಒಟ್ಟಿಗೆ ಕಣ್ಣು ಬಿಡುತ್ತಾರಂತೆ. ಮತ್ತೆ ಮಲಗುತ್ತಾರಂತೆ, ಅಷ್ಟೇ ವ್ಯತ್ಯಾಸ.

ಹೋದ ಭಾನುವಾರ ರಾತ್ರಿ ಊಟದ ಹೊತ್ತಿಗೆ ನಮ್ಮ ಕಟ್ಟಡ ಮತ್ತೆ ಅಲುಗಿತು. ದೀಪದ ಗಾಜು ನನ್ನ ತಟ್ಟೆಗೇ ಬಿತ್ತು. ಕೈಗೆ ಸಿಕ್ಕಿದ ದಿಂಬು ಹಿಡಿದು ಮೆಟ್ಟಿಲಿಳಿದು ಬಯಲಿಗೆ ಹೋದೆ. ಪ್ರೊಕೊಲೊ ನನ್ನ ಕೈಯಲ್ಲಿನ ದಿಂಬು ನೋಡಿದ. ಒಳಗೆ ತಿರುಗಿ, “ನುನ್ಸಿಯಾ, ನಾಲ್ಕನೇ ಹಾಸಿಗೆ ಬಿಡಿಸು” ಎಂದ.