ಕಳಚಿಟ್ಟ ಕಿಟಕಿ

ಬಡಗಿ ಆಕಳಿಸಿದ. ಒಂದು ಮುಗಿಯುವ ಮೊದಲೇ ಇನ್ನೊಂದು. ಮೂಗೊರೆಸಿಕೊಂಡ, ಹೊಟ್ಟೆ ಹಿಡಿದುಕೊಂಡ, ಬೆಂಚಿನ ಮೇಲೆ ಮುದುಡಿ ಕೂತು ನಡುಗಿಯೂ ತೋರಿಸಿದ. ಇವನು ನಿನ್ನೆಯಿಂದ ಏನನ್ನೂ ಮುಟ್ಟಿಲ್ಲ ಎಂದು ಪಕ್ಕದಲ್ಲಿದ್ದ ಅವನ ಅಕ್ಕ ಮತ್ತೆ ಮತ್ತೆ ಹೇಳಿದಳು.

ನರ್ಸಮ್ಮ ಟಾರ್ಚ್ ಹಿಡಿದು ಅವನ ಕಣ್ಣು ನೋಡಿದಳು. ಕಣ್ಣಪಾಪೆ ಅಮಲಿಗೆ ಕುಗ್ಗಿ ಸಾಸಿವೆ ಕಾಳಿನಷ್ಟೇ ಇತ್ತು. ತೋಳು ಮುಟ್ಟಿದಳು, ಬೆಚ್ಚಗೆ, ನುಣ್ಣಗಿತ್ತು. ಸೈಕಲ್ ಅಂಗಡಿಯ ಮೇಲಿನ ಈ ಎರಡು ಕೋಣೆಗಳಲ್ಲಿ ಚಟ ಬಿಡಲು ಬಂದವರ ಜೊತೆ ಏಗಿ ಏಗಿಯೇ ಅವಳ ಕೂದಲು ನೆರೆತದ್ದು. ಆಕಳಿಕೆಯನ್ನು ಯಾರು ಬೇಕಾದರೂ ನಟಿಸಬಹುದು, ಅಮಲು ಇಳಿದಾಗ ಏಳುವ ಮೈಮೇಲಿನ ರೋಮ ಮಾತ್ರ ಯಾರ ಮಾತು ಕೇಳಿಯೂ ಸೆಟೆದು ನಿಲ್ಲುವುದಿಲ್ಲ.

"ಬೆಳಿಗ್ಗೆ ತಗೊಂಡೆ ತಾನೆ?"

ಅವನು ಅಕ್ಕನ ಮುಖ ನೋಡಿದ. ಅಕ್ಕ ಗೋಡೆ ನೋಡಿದಳು. ಕೊನೆಗೆ ಬಾಯಿಬಿಟ್ಟವಳು ಅವಳೇ. ತಗೊಂಡು ಬಂದವರನ್ನು ಇಲ್ಲಿ ಒಳಗೇ ಬಿಡುವುದಿಲ್ಲ ಎಂದು ಪಕ್ಕದ ಮನೆಯವಳು ಹೆದರಿಸಿದ್ದಳಂತೆ. ಅದಕ್ಕೇ ಕೆಲಸದ ಜಾಗದಿಂದ ತಮ್ಮನನ್ನು ಹತಾರದ ಚೀಲ ಸಮೇತ ಎಳೆದು ತಂದು, ದಾರಿಯುದ್ದಕ್ಕೂ ಈ ಪಾಠ ಹೇಳಿಕೊಟ್ಟಿದ್ದಳು.

ನರ್ಸಮ್ಮನಿಗೆ ನಗು ಬಂತು. "ಇಲ್ಲಿಗೆ ತಗೊಂಡವರೇ ಬರೋದಮ್ಮ. ತಗೊಳ್ಳದೆ ಇರೋರಿಗೆ ನಾವ್ಯಾಕೆ?"

ಆಮೇಲೆ ಬಿಡಿಸಿ ಹೇಳಿದಳು. ಚಟ ಬಿಡಿಸಲು ನಾಲಿಗೆಯ ಕೆಳಗಿಡುವ ಮಾತ್ರೆಯನ್ನು ಹಳೆಯ ಅಮಲು ಮೈಯಲ್ಲಿರುವಾಗಲೇ ಕೊಟ್ಟರೆ, ನಿಧಾನವಾಗಿ ಬರಬೇಕಾದ ಸಂಕಟವೆಲ್ಲ ಒಮ್ಮೆಲೇ ಮೈಮೇಲೆ ಬೀಳುತ್ತದೆ. ಹಾಗೆ ನರಳಿದವನು ಮದ್ದನ್ನೇ ವಿಷವೆಂದುಕೊಂಡು ಮತ್ತೆ ಈ ಮೆಟ್ಟಿಲು ಹತ್ತುವುದಿಲ್ಲ. ಅಮಲು ಇಳಿದು ನಿಜವಾದ ಸಂಕಟ ಶುರುವಾಗಬೇಕು. ಅಂದರೆ, ಸಂಜೆಯಾಗಬೇಕು.

ಅಕ್ಕನಿಗೆ ಭಯವಿದ್ದದ್ದೇ ಸಂಜೆಯದು. ಸಾರುವೆಯಿಂದ ಬಿದ್ದಾಗ ಹಿಡಿದ ಬೆನ್ನುನೋವಿಗೆ ನುಂಗಲು ಶುರುಮಾಡಿದ ಮಾತ್ರೆ ತಮ್ಮನನ್ನೇ ನುಂಗುತ್ತಿತ್ತು. ಹಿಂದೊಂದು ಸಂಜೆ ಈಗ ಬಂದೆ ಎಂದು ಹೋದವನು, ತುಟಿ ನೀಲಿಗಟ್ಟಿ ಇಟ್ಟಿಗೆ ರಾಶಿಯ ಹಿಂದೆ ಸಿಕ್ಕಿದ್ದ.

"ಸಂಜೆ ತನಕ ಇವನು ನಿಲ್ಲಲ್ಲ ನರ್ಸಮ್ಮ. ಇನ್ನೊಂದು ಸಲ ಹಾಗೆ ಸಿಕ್ಕರೆ ನಾನು ಉಳಿಯಲ್ಲ. ಈಗಲೇ ಕೊಟ್ಟುಬಿಡಿ."

ನರ್ಸಮ್ಮನ ಕೈ ಮದ್ದಿನ ಬೀರುವಿನ ಕೀಲಿಯತ್ತ ಹೋಗಲಿಲ್ಲ. ಅವಳು ಹತಾರದ ಚೀಲ ನೋಡಿದಳು.

"ಆ ಕಿಟಕಿ ನೋಡಪ್ಪ. ಪೂರ್ತಿ ತೆರೆಯೋದೂ ಇಲ್ಲ, ಮುಚ್ಚೋದೂ ಇಲ್ಲ."

ಅವನಿಗೆ ಮನಸ್ಸಿರಲಿಲ್ಲ. ಆದರೂ ಕಸುಬಿನ ಕಣ್ಣು ಸುಮ್ಮನಿರಬೇಕಲ್ಲ. ಎದ್ದು ಹೋಗಿ ಚೌಕಟ್ಟು ಸವರಿದ. "ಇದನ್ನ ಕೂರಿಸಿದವನು ಬಡಗಿನಾ, ಕಟುಕನಾ?" ಎಂದು ಗೊಣಗುತ್ತ ಕದವನ್ನು ಕಳಚಿ ಕೆಳಗಿಳಿಸಿದ. ಮಧ್ಯಾಹ್ನವೆಲ್ಲ ಉಜ್ಜುಗೊರಡು ಆಡಿತು. ನೆಲದ ತುಂಬ ಮರದ ಸುರುಳಿ.

ಬಿಸಿಲು ಇಳಿಯುವ ಹೊತ್ತಿಗೆ ನಿಜವಾದ ಆಕಳಿಕೆ ಬಂತು. ಹಣೆಯಲ್ಲಿ ಬೆವರು, ಬೆರಳಲ್ಲಿ ನಡುಕ. ನರ್ಸಮ್ಮ ಉಳಿಯನ್ನು ಮೆಲ್ಲಗೆ ಎತ್ತಿಟ್ಟಳು. ಅವನು ಸರಕ್ಕನೆ ಮೆಟ್ಟಿಲಿನತ್ತ ನಡೆದ. ಎದ್ದು ಓಡಲಿದ್ದ ಅಕ್ಕನ ಕೈಯನ್ನು ನರ್ಸಮ್ಮ ಹಿಡಿದುಕೊಂಡಳು.

ಮೇಲಿನ ಮೆಟ್ಟಿಲ ಮೇಲೆ, ಕಂಬಿ ಹಿಡಿದು, ಅವನು ನಿಂತುಬಿಟ್ಟ.

"ಕದ ಬಿಚ್ಚಿಟ್ಟು ಹೋಗ್ತೀಯಾ? ಬೆಕ್ಕು ನುಗ್ಗುತ್ತೆ," ಎಂದಳು ನರ್ಸಮ್ಮ.

ಅವನು ತಿರುಗಿದ. "ಆಗ್ತಾ ಇಲ್ಲಮ್ಮ."

"ಗೊತ್ತು. ತೋಳು ತೋರಿಸು."

ಪುಕ್ಕ ಕಿತ್ತ ಕೋಳಿಯಂತೆ ತೋಳಿನ ತುಂಬ ರೋಮ ನಿಮಿರಿ ಗುಳ್ಳೆ ಎದ್ದಿತ್ತು. ಕಣ್ಣಪಾಪೆಯೂ ಅರಳಿತ್ತು. ನರ್ಸಮ್ಮ ಫೋನಿನಲ್ಲಿ ಡಾಕ್ಟರನ್ನು ಕೇಳಿ ಬೀರು ತೆಗೆದಳು.

ಮಾತ್ರೆ ಕರಗುವ ತನಕ ಮಾತಾಡಕೂಡದು. ಬೆಳಿಗ್ಗೆಯಿಂದ ಬಾಯಿ ಮುಚ್ಚದ ಅಕ್ಕನೂ ತಾನೇ ಮಾತ್ರೆ ಇಟ್ಟುಕೊಂಡವಳಂತೆ ತುಟಿ ಬಿಗಿದು ಕೂತಳು. ನಡುಕ ಮೆಲ್ಲಮೆಲ್ಲಗೆ ಇಳಿಯಿತು. ಹೊರಡುವಾಗ ಅವನು ಚೀಲ ಎತ್ತಿಕೊಳ್ಳಲು ಬಗ್ಗಿದವನು, ಏನನ್ನಿಸಿತೋ, ಅದನ್ನು ಬೆಂಚಿನ ಕೆಳಗೇ ತಳ್ಳಿದ.

ರೋಗಿಗಳನ್ನು ನೋಡಲು ಸಂಜೆ ಬಂದ ಡಾಕ್ಟರು ಖಾಲಿ ಚೌಕಟ್ಟು ನೋಡಿ, ಯಾರನ್ನಾದರೂ ಕರೆಸಲೇ ಎಂದು ಕೇಳಿದರು.

"ಬೇಡ ಸಾರ್. ನಮ್ಮ ಬಡಗಿ ಬರ್ತಾನೆ," ಎಂದು ನರ್ಸಮ್ಮ ಅದಕ್ಕೊಂದು ಹಳೆಯ ಬೆಡ್‌ಶೀಟ್ ಕಟ್ಟಿದಳು.

ಮರುದಿನ ಅವಳು ಬೀಗ ತೆಗೆಯಲು ಬಂದಾಗ ಮೆಟ್ಟಿಲ ಮೇಲೆ ಬಡಗಿ ಕೂತಿದ್ದ. ಅಕ್ಕ ಜೊತೆಗಿರಲಿಲ್ಲ. ಅವನ ಮಡಿಲಲ್ಲಿ, ಕಾಗದದಲ್ಲಿ ಸುತ್ತಿದ, ಕಿಟಕಿಯ ಕದಕ್ಕೆ ಹಾಕುವ ಹೊಸ ಕೀಲುಗಳಿದ್ದವು.